ಜಲನಗರದ ಸಾಕುಮನೆ

"ಗೇಟಿನ ಹೊರಗೇ ನಿಂದರಲೇ ಮುದುಕಿ. ಒಳಗ ಕಾಲಿಟ್ಟಿ ಅಂದ್ರ ಕಾಲ ಮುರದ ಕೈಯಾಗ ಕೊಡತೇನಿ."

ಸಾಕುಮನೆಯ ಒಡತಿ ವಿದ್ಯಾವತಿ ಗೇಟಿಗೆ ಅಡ್ಡ ನಿಂತಿದ್ದಳು. ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಮಣೂಕ ಶೆಡ್ಡಿನಲ್ಲಿ ಕೂಲಿ ಮಾಡುವ ಲಕ್ಕವ್ವ, ಮೊಮ್ಮಗಳು ಕಾವ್ಯಾಳನ್ನು ನೋಡಲು ಬಸ್ಸು ಹತ್ತಿ ಜಲನಗರಕ್ಕೆ ಬಂದಿದ್ದಳು.

"ಕೂಸಿನ ಮಾರಿ ನೋಡಿ ಹೋಗತೇನ್ರಿ ಬಾಯಾರ."

"ಸಾಲಿಗೆ ಹೋಗ್ಯಾಳ. ನಡಿ."

"ಐತ್ವಾರ ಯಾವ ಸಾಲಿ ಇರತೈತ್ರಿ?"

ಮಗಳ ಮೈಮೇಲೆ ಅಳಿಯ ಪೆಟ್ರೋಲ್ ಸುರಿದು ಸುಟ್ಟು ಕೊಂದು ಜೈಲು ಸೇರಿದ ಮೇಲೆ ಕಾವ್ಯಾ ಆಯಿ ಲಕ್ಕವ್ವನ ಮಗ್ಗುಲಲ್ಲೇ ಮಲಗುತ್ತಿದ್ದಳು. ಮಕ್ಕಳ ರಕ್ಷಣಾ ಆಫೀಸಿನ ಪರಮೇಶ್ವರ ಸಾಹೇಬ ಬಂದು, "ತಗಡಿನ ಗೂಡಿನ್ಯಾಗ ಇರಾಕಿ ನೀ ಏನ ಸಾಕ್ತಿ? ಸಾಕಾಕ ಛಲೋ ಮನಿಗೆ ಕೊಡತೇವಿ," ಎಂದು ಎಳೆದೊಯ್ದಿದ್ದ. ಕಾಲು ಹಿಡಿದವಳ ಕೈಯನ್ನು ಬೂಟಿನಿಂದ ತುಳಿದಿದ್ದ.

ಹಿತ್ತಿಲಲ್ಲಿ ಪಾತ್ರೆ ಬಿತ್ತು. ಹಿಂದೆಯೇ ಕಾವ್ಯಾಳ ಚೀರಾಟ. ಲಕ್ಕವ್ವ ವಿದ್ಯಾವತಿಯನ್ನು ದಬ್ಬಿ ನುಗ್ಗಿದಳು.

ನಲ್ಲಿಯ ಕೆಳಗೆ, ಎಂಜಲು ತಾಟುಗಳ ನಡುವೆ ಕಾವ್ಯಾ ಮುದುಡಿ ಕೂತಿದ್ದಳು. ಮುಂಗೈ ಮೇಲೆ ಸವಟಿನ ಆಕಾರದ ಬೊಬ್ಬೆ, ಬಿದ್ದ ಪಾತ್ರೆ ತಾಗಿ ಒಡೆದು ಕೀವು ಸೋರುತ್ತಿತ್ತು.

"ಯಾರ ಸುಟ್ರ ಬೇ?"

"ಹಾಲ ಉಕ್ಕಿತ್ತ, ಆಯಿ, ಅದಕ್ಕ ಬಾಯಾರ..."

ವಿದ್ಯಾವತಿ ಹಿಂದಿನಿಂದ ಲಕ್ಕವ್ವನ ತುರುಬು ಹಿಡಿದು ಗೋಡೆಗೆ ಬಡಿದಳು. ಹಣೆ ಒಡೆಯಿತು. ಒಳಗಿನಿಂದ ಎಂಜಲು ಕೈಯಲ್ಲೇ ಗಂಡಸೊಬ್ಬ ಓಡಿ ಬಂದ.

"ಏನ ಗದ್ದಲ, ಅಕ್ಕಾ?"

ಪರಮೇಶ್ವರ ಸಾಹೇಬ! ಅಕ್ಕನ ಮನೆಗೆ ಪುಕ್ಕಟೆ ಆಳು ತಂದುಕೊಟ್ಟಿದ್ದಾನೆಂದು ಲಕ್ಕವ್ವನಿಗೆ ಆಗ ತಿಳಿಯಿತು.

"ನಿಮ್ಮಕ್ಕನ ಭಾಂಡೆ ತೊಳ್ಯಾಕ ನನ್ನ ಕೂಸ ಬೇಕಾತೇನಲೇ ಭಾಡ್ಯಾ?"

ಅವನು ಕಪಾಳಕ್ಕೆ ಹೊಡೆದ. ಬಿದ್ದವಳ ಪಕ್ಕೆಗೆ ಒದ್ದ. "ಮಗಳ್ನ ಸುಡಗೊಟ್ಟ ರಂಡಿ, ಮೊಮ್ಮಗಳ್ನ ಸಾಕ್ತಿ?" ಎಂದು ಕುತ್ತಿಗೆಗೆ ಕೈ ಹಾಕಿದ.

ಲಕ್ಕವ್ವ ಆ ಕೈಗೆ ಬಾಯಿ ಹಾಕಿದಳು. ಹಲ್ಲು ಎಲುಬಿಗೆ ತಾಗುವವರೆಗೂ ಬಿಡಲಿಲ್ಲ. ಅವನು ಹೋರಿಯಂತೆ ಒದರಿದ. ಅಡ್ಡ ಬಂದ ವಿದ್ಯಾವತಿಯ ಮುಖಕ್ಕೆ ಬೋಗುಣಿ ಬೀಸಿ, ಕಾವ್ಯಾಳನ್ನು ಟೊಂಕಕ್ಕೆ ಏರಿಸಿಕೊಂಡು ಬೀದಿಗೆ ಬಂದಳು.

ಮಾಳಿಗೆಗಳ ಮೇಲೆ ಜನ ಮೊಬೈಲ್ ಹಿಡಿದು ನಿಂತರು. ಯಾರೂ ಇಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ದಾರಿ ಮುಟ್ಟುವ ಮೊದಲೇ, ಪರಮೇಶ್ವರ ಫೋನ್ ಮಾಡಿ ಕರೆಸಿದ ಪೊಲೀಸ್ ಗಾಡಿ ಅಡ್ಡ ನಿಂತಿತು. ಪೊಲೀಸಿನವನೊಬ್ಬ ಇಳಿದ.

"ಕೂಸು ಕೊಡ. ಅದು ಸರಕಾರದ ಸುಪರ್ದಿಯೊಳಗ ಐತಿ."

"ಯಾವ ಸರಕಾರ ಹಡದೈತೋ ಇದನ್ನ? ಕರಿ ಅದನ್ನ ಇಲ್ಲಿ!"

ಪೊಲೀಸಿನವ ಕಾವ್ಯಾಳ ತೋಳು ಎಳೆದ. ಲಕ್ಕವ್ವ ಮೊಮ್ಮಗಳನ್ನು ಅವುಚಿಕೊಂಡು ಗಾಡಿಯ ಮುಂದಿನ ಗಾಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ಬಾಯಲ್ಲಿದ್ದ ರಕ್ತವನ್ನು ಡಾಂಬರಿನ ಮೇಲೆ ಉಗಿದಳು.

"ಹತ್ತಸಲೇ ಗಾಡಿ. ನಮ್ಮಿಬ್ಬರ ಮ್ಯಾಲೂ ಹತ್ತಸು."

ಡ್ರೈವರ್ ಇಂಜಿನ್ ಬಂದ್ ಮಾಡಲಿಲ್ಲ.