ಅಕ್ಕನ ಪಾಲಿನ ಕೆಲಸ

ಹೊಸ ಮುಖ್ಯಸ್ಥರ ಆಜ್ಞೆ ಬಲು ಸರಳ: ಆಸ್ಪತ್ರೆಯ ಹಳೆ ಕಟ್ಟಡಕ್ಕೆ ಹೊಸ ಮಹಡಿ ಏರಿಸುವ ಈ ತಂಡದಲ್ಲಿ ಒಂದು ಕೆಲಸಕ್ಕೆ ಒಂದೇ ಹೆಸರು. ಸಂಜೆಯೊಳಗೆ ಪಟ್ಟಿ ಬೇಕು. ಅದರಲ್ಲಿ ಹೆಸರಿಲ್ಲದವರಿಗೆ ಮುಂದಿನ ತಿಂಗಳಿಂದ ಇಲ್ಲಿ ಕುರ್ಚಿಯಿಲ್ಲ. ಪಟ್ಟಿ ಮಾಡುವ ಹೊಣೆ ಬಿದ್ದದ್ದು ಎಲ್ಲರೂ ಅಕ್ಕ ಎಂದು ಕರೆಯುವವಳ ಮೇಲೆ. ಇನ್ಯಾರ ಮೇಲೆ ಬೀಳಬೇಕಿತ್ತು, ಹೇಳಿ! ಯಾರಿಗೂ ಬೇಡವಾದದ್ದೆಲ್ಲ ಆರು ವರ್ಷದಿಂದ ಬಂದು ಬೀಳುತ್ತಿದ್ದದ್ದು ಅವಳ ಮೇಜಿಗೇ.

ಅಕ್ಕ ಪುಸ್ತಕ ಹಿಡಿದು ಮೇಜಿಂದ ಮೇಜಿಗೆ ಹೋದಳು. ಪೈಪಿನ ಎಂಜಿನಿಯರು ತಲೆಯೆತ್ತದೆ ತನ್ನ ಕೆಲಸಗಳನ್ನು ಒಪ್ಪಿಸಿದ.

"ನೀರು ನಿಲ್ಲಿಸೋ ಮೊದಲು ವಾರ್ಡುಗಳಿಗೆ ತಿಳಿಸೋದು?"

"ಅದಾ? ಅದು ಹೇಗೋ ಆಗುತ್ತಲ್ಲ ಅಕ್ಕ."

ಹೇಗೋ ಆಗುತ್ತಂತೆ! ಪ್ರತಿ ಸಲವೂ ಫೋನು ಹಿಡಿದು ದಾದಿಯರ ಕೈಲಿ ಬೈಸಿಕೊಳ್ಳುತ್ತಿದ್ದವಳು ಅವಳು. ಆದರೂ ಅಲ್ಲಿ ತನ್ನ ಹೆಸರು ಬರೆಯಲು ಕೈ ಬರಲಿಲ್ಲ. ಜಂಬ ಕೊಚ್ಚಿಕೊಂಡಂತಾದೀತು ಎಂದು ಅವನ ಹೆಸರನ್ನೇ ಬರೆದಳು. ನಕ್ಷೆಯವಳ ಹತ್ತಿರವೂ ಹೀಗೇ, ಖರೀದಿಯವನ ಹತ್ತಿರವೂ ಹೀಗೇ. ಹಾಳು ಸಂಕೋಚ, ನಲವತ್ತೆರಡು ಕೆಲಸ ಬರೆದು ಮುಗಿದರೂ ಬಿಡಲಿಲ್ಲ. ತಾನು ಮಾಡುವುದನ್ನು ಬೇರೆ ಯಾರಾದರೂ ಹೇಳಿಯಾರು ಎಂಬ ನಂಬಿಕೆ ಒಳಗೊಳಗೇ ಇತ್ತು.

ಸಂಜೆ ಮುಖ್ಯಸ್ಥರು ಎಲ್ಲರ ಮುಂದೆ ಪಟ್ಟಿ ಓದಿದರು. "ಅಚ್ಚುಕಟ್ಟಾಗಿದೆ. ನಿಮ್ಮ ಹೆಸರೆಲ್ಲಮ್ಮ?"

"ಅಕ್ಕ ಇಲ್ದಿದ್ರೆ ನಾವೆಲ್ಲ ಮುಳುಗಿ ಹೋಗ್ತೀವಿ ಸರ್!" ಎಂದಳು ನಕ್ಷೆಯವಳು. "ಎಲ್ಲಾನೂ ಅವರೇ ನೋಡ್ಕೊಳ್ಳೋದು."

"ಸಂತೋಷ. ಆದ್ರೆ ಎಲ್ಲಾ ಅಂತ ಬರೆಯೋಕಾಗಲ್ಲ. ಒಂದೇ ಒಂದು ಕೆಲಸ ಹೇಳಿ, ಬರ್ಕೋತೀನಿ."

ಎಲ್ಲರೂ ಯೋಚಿಸಿದರು. ಪಾಪ, ನಿಜವಾಗಿಯೂ ಯೋಚಿಸಿದರು. ಒಬ್ಬರ ಬಾಯಿಂದಲೂ ಒಂದು ಕೆಲಸ ಹೊರಡಲಿಲ್ಲ. ದಿನವೂ ಜೊತೆಗೆ ಕೂತು ಉಂಡ ಹನ್ನೊಂದು ಜನರ ನಡುವೆ ತಾನು ಒಬ್ಬಂಟಿ ಎಂದು ಅಕ್ಕನಿಗೆ ಅನಿಸಿತು.

"ನೀವೇ ಹೇಳಿಮ್ಮ," ಎಂದರು ಮುಖ್ಯಸ್ಥರು.

"ಪಟ್ಟಿ ಸರಿಯಾಗಿದೆ ಸರ್," ಎಂದಳು. ಅವರು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಪೈಪಿನ ಎಂಜಿನಿಯರು ಓಡೋಡಿ ಬಂದ. "ಅಕ್ಕಾ, ಮಧ್ಯಾಹ್ನ ನೀರು ನಿಲ್ಲಿಸ್ತೀವಿ. ವಾರ್ಡುಗಳಿಗೆ ಹೇಳಿದ್ರಾ?"

"ಪಟ್ಟಿ ನೋಡಪ್ಪಾ."

ನೋಡಿಕೊಂಡು ಬಂದ. ಮುಖ ಹುಳ್ಳಗಾಗಿತ್ತು. "ನನ್ನ ಹೆಸರಿದೆ. ಯಾರಿಗೆ ಹೇಳ್ಬೇಕು? ಏನಂತ ಹೇಳ್ಬೇಕು?"

ಹಾಳಾಗಿ ಹೋಗು ಎನ್ನಬಹುದಿತ್ತು. ಆದರೆ ವಾರ್ಡಿನಲ್ಲಿ ರೋಗಿಗಳಿದ್ದರು. ಅಕ್ಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಬರು ಬರೆದುಕೊಟ್ಟಳು. ಮೊದಲು ಹಿರಿಯ ದಾದಿಗೆ ಹೇಳು, ಎಷ್ಟು ಹೊತ್ತು ನೀರಿಲ್ಲ ಅನ್ನೋದನ್ನ ಖಚಿತವಾಗಿ ಹೇಳು, ಬೈದರೆ ಬೈಸಿಕೋ ಎಂದು ಒಂದೊಂದಾಗಿ ಕಲಿಸಿದಳು. ಅವನು ಮಾತಾಡಿ ಫೋನಿಟ್ಟು, ನಿರಾಳವಾಗಿ ನಕ್ಕ.

"ಅಯ್ಯೋ, ಇಷ್ಟೇನಾ ಅಕ್ಕ! ಎರಡು ನಿಮಿಷದ ಕೆಲಸ."

"ಹೂಂ ಕಣಪ್ಪ, ಇಷ್ಟೇ," ಎಂದು ಅಕ್ಕ ಎರಡನೆಯ ವಾರ್ಡಿನ ನಂಬರು ಬರೆಯತೊಡಗಿದಳು.