ಇಪ್ಪತ್ತನೆಯ ಗೋಲು

"ಹುಡುಗ ಈವತ್ತು ಇನ್ನೊಂದು ಗೋಲು ಹೊಡೆದ ಅಂದ್ರೆ ನಿನ್ನ ಕತೆ ಮುಗೀತು ಡ್ವೇನ್," ಎಂದಿತು ಅಡುಗೆಕಟ್ಟೆಯ ಮೇಲೆ ಸ್ಪೀಕರ್ ಹಾಕಿಟ್ಟಿದ್ದ ಫೋನು. ಡ್ವೇನ್ ಪೆನ್ನರ್ ಬಾಣಲೆಯಲ್ಲಿದ್ದ ಆಲೂಗಡ್ಡೆ ಕಡುಬುಗಳನ್ನು ಮಗುಚುತ್ತ, "ಗೊತ್ತು," ಎಂದ. ಆ ಕಡೆಯಿದ್ದವನು ತಂಡದ ಜೊತೆ ಅವನ ಕರಾರು ಮಾತಾಡುವ ಏಜೆಂಟ್.

ಐಸ್ ಹಾಕಿ ತಂಡ ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿದೆ. ಹೊಸ ಹುಡುಗರ ಮೊದಲ ಕರಾರಿನಲ್ಲಿ ಸಂಬಳ ಕಡಿಮೆ, ಬೋನಸ್ಸು ದೊಡ್ಡದು. ಮಿತಿಯೊಳಗೆ ಹಿಡಿಸದ ಬೋನಸ್ಸನ್ನು ಮುಂದಿನ ವರ್ಷದ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. ಡ್ವೇನ್‌ನ ತಂಡದ ಹೊಸ ಹುಡುಗ ಎಮೆರಿಕ್ ಈ ವರ್ಷ ಹತ್ತೊಂಬತ್ತು ಗೋಲು ಹೊಡೆದಿದ್ದ. ಇಪ್ಪತ್ತಾದರೆ ಬೋನಸ್ಸು, ಮುಂದಿನ ವರ್ಷ ಡ್ವೇನ್‌ಗೆಂದು ಉಳಿಸಿದ್ದ ಚೂರು ಹಣ ಅದರಲ್ಲೇ ಹೋಗುತ್ತಿತ್ತು. ಮೂವತ್ತೇಳು ದಾಟಿದವನನ್ನು ಬೇರೆ ಯಾವ ತಂಡ ಕರೆದೀತು?

ಹೊಸಬ ಮೊದಲ ವರ್ಷ ಹಿರಿಯ ಆಟಗಾರನ ಮನೆಯಲ್ಲಿರುವುದು ಪದ್ಧತಿ. ಹೆಂಡತಿ ಮಗಳನ್ನು ಕರೆದುಕೊಂಡು ಹ್ಯಾಲಿಫ್ಯಾಕ್ಸಿಗೆ ಹೊರಟುಹೋದ ಮೇಲೆ ಸ್ಯಾಸ್ಕಟೂನಿನ ಈ ಮನೆಯಲ್ಲಿ ಡ್ವೇನ್ ಗೋಡೆಗಳ ಜೊತೆ ಮಾತಾಡುವುದೊಂದು ಬಾಕಿಯಿತ್ತು. ಅಕ್ಟೋಬರಿನಿಂದ ಬಾಗಿಲ ಬಳಿ ಎಮೆರಿಕ್‌ನದೊಂದು ಜೊತೆ ಬೂಟು ಇರುತ್ತಿತ್ತು. ಅದನ್ನು ನೋಡಿದರೇ ಅವನಿಗೆ ಸಮಾಧಾನ.

ಎಮೆರಿಕ್ ನೆಲಮಾಳಿಗೆಯ ತನ್ನ ಕೋಣೆಯಿಂದ ಮೆಟ್ಟಿಲು ಹತ್ತಿ ಬಂದ. "ಅಜ್ಜ, ಈವತ್ತೂ ಸೀಯಿಸಿದ್ಯಾ?" ಎಂದು ಎಂದಿನಂತೆ ರೇಗಿಸಿದ.

"ಹತ್ತೊಂಬತ್ತು ವರ್ಷಕ್ಕೇ ಎಷ್ಟು ಬಾಯಿ ನಿಂಗೆ. ತಿನ್ನು."

ಹುಡುಗ ಅಡುಗೆಕಟ್ಟೆಯ ಮೇಲಿನ ಫೋನನ್ನೊಮ್ಮೆ ನೋಡಿ ತಲೆ ತಗ್ಗಿಸಿ ತಿಂದ. ದಿನವೂ ಹಾಗಿರುತ್ತಿರಲಿಲ್ಲ.

ಆ ಸಾಲಿನ ಕೊನೆಯ ಪಂದ್ಯ ಅಂದೇ ಮಧ್ಯಾಹ್ನವಿತ್ತು. ಕೊನೆಯ ನಿಮಿಷದಲ್ಲಿ ಒಂದು ಗೋಲಿನಿಂದ ಹಿಂದಿದ್ದ ಎದುರಾಳಿಗಳು ಗೋಲು ಕಾಯುವವನನ್ನು ಹೊರಗೆ ಕರೆಸಿ ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಅಷ್ಟರಲ್ಲಿ ಪಕ್, ಚೆಂಡಿನ ಬದಲು ಆಡುವ ಕರಿ ರಬ್ಬರಿನ ಬಿಲ್ಲೆ, ಡ್ವೇನ್‌ನ ಕೋಲಿಗೆ ಸಿಕ್ಕಿತು. ಮುಂದೆ ಖಾಲಿ ಬಲೆ; ಪಕ್ಕದಲ್ಲೇ ಎಮೆರಿಕ್ ಜಾರಿ ಬರುತ್ತಿದ್ದ. ಇಂಥ ಹೊತ್ತಿನಲ್ಲಿ ಒಂದು ಗೋಲು ಬೇಕಾದವನಿಗೆ ಬಿಟ್ಟುಕೊಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಡ್ವೇನ್‌ಗೆ ತಾನೇ ಹೊಡೆಯಬೇಕೆನಿಸಿತು. ಅನಿಸಿದ್ದಕ್ಕೆ ನಾಚಿಕೆಯಾಯಿತು. ಪಕ್ ಅನ್ನು ಹುಡುಗನ ಕಡೆ ತಳ್ಳಿದ.

ಹುಡುಗ ಅದನ್ನು ಹಿಂದಕ್ಕೆ ತಳ್ಳಿದ. ಜನ ನಕ್ಕರು.

"ನೀನೇ ಹೊಡಿ ಅಜ್ಜ. ಬೆಳಗ್ಗೆ ಫೋನಲ್ಲಿ ಹೇಳಿದ್ದು ನಂಗೆಲ್ಲಾ ಕೇಳಿಸ್ತು."

"ಹೊಡಿಯೋ ಕತ್ತೆ. ನನ್ನ ಭಾರ ಹೊರೋ ವಯಸ್ಸಲ್ಲ ನಿಂದು," ಎಂದು ಡ್ವೇನ್ ಮತ್ತೆ ಅವನಿಗೇ ಕೊಟ್ಟ.

ಎಮೆರಿಕ್ ಹೊಡೆದ. ಸಂಭ್ರಮಕ್ಕೆ ಕೈ ಮಾತ್ರ ಎತ್ತಲಿಲ್ಲ. ಆಟ ಮುಗಿದ ಮೇಲೆ, ರೂಢಿಯಂತೆ, ಯಾರೋ ಆ ಪಕ್‌ಗೆ ಬಿಳಿ ಟೇಪು ಸುತ್ತಿ 'ಇಪ್ಪತ್ತು' ಎಂದು ಬರೆದು ಅವನ ಕೈಗಿಟ್ಟರು.

ಮರುದಿನ ಡ್ವೇನ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ರಜೆಗೆ ಊರಿಗೆ ಹೊರಟಿದ್ದ ಎಮೆರಿಕ್‌ನ ಟ್ಯಾಕ್ಸಿ ಬಂದು ಹೋಗಿತ್ತು. ಬಾಗಿಲ ಬಳಿಯ ಚಾಪೆಯ ಮೇಲೆ ಹುಡುಗನ ಎರಡು ಬೂಟುಗಳ ಆಕಾರದಲ್ಲಿ, ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಒಣಗಿತ್ತು. ಅದರ ನಡುವೆ ಟೇಪು ಸುತ್ತಿದ ಪಕ್ ಇತ್ತು.

ಅವನು ಪೊರಕೆ ತಂದು ಹಜಾರವನ್ನೆಲ್ಲ ಗುಡಿಸಿದ. ಆ ಚಾಪೆಯನ್ನು ಬಿಟ್ಟು.