ಹಳದಿ ಅಂಗೈ

ಭಾನುವಾರ ಮಧ್ಯಾಹ್ನ ಅಮ್ಮ ಬಿಳಿ ಕಪ್ಪನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಂತೆ ಹಿಡಿದು ಕುಳಿತಿದ್ದಳು. ಅಂಗಡಿಯ ಸುದ್ದಿ ಹೇಳುತ್ತಿದ್ದ ಮಗಳು ಥಟ್ಟನೆ ಮಾತು ನಿಲ್ಲಿಸಿದಳು. ಅಮ್ಮನ ಅಂಗೈ ಹಳದಿಯಾಗಿತ್ತು. ಬಿಸಿಲಿನ ಬಣ್ಣವಿರಬೇಕೆಂದು ಎದ್ದು ಕಿಟಕಿಯ ಪರದೆ ಎಳೆದು ನೋಡಿದಳು. ಬಿಸಿಲಲ್ಲ. ಬೆರಳಿನ ಗೆರೆಗಳಲ್ಲೂ ಹಳದಿ, ಮೂಗಿನ ಅಕ್ಕಪಕ್ಕದಲ್ಲೂ ತೆಳುವಾಗಿ ಹಳದಿ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬಣ್ಣದ ಗಾಜುಗಳನ್ನು ಬೆಳಕಿಗೆ ಹಿಡಿದು ಜೋಡಿಸುವ ಕೆಲಸ ಅವಳದು. ಬಣ್ಣದ ವಿಷಯದಲ್ಲಿ ಅವಳ ಕಣ್ಣು ಮೋಸಹೋಗುವುದು ಕಡಿಮೆ.

“ಇದೇನಮ್ಮ ನಿನ್ನ ಕೈ?”

“ಏನಾಗಿದೆ ಕೈಗೆ? ವಯಸ್ಸಾಗಿದೆ, ಅಷ್ಟೇ,” ಎಂದು ಅಮ್ಮ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆಂದಿತು. ಬಾಗಿಲು ಮುಚ್ಚಿತ್ತು. ಒಳಗಿದ್ದದ್ದು ಕ್ಯಾಪ್ಟನ್.

ಕ್ಯಾಪ್ಟನ್ ಅಂದರೆ ಅಮ್ಮನ ಎರಡನೆಯ ಗಂಡ. ಆತ ಹಡಗು ನಡೆಸಿದವನಲ್ಲ, ಸರಕಿನ ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದವನು. ಕ್ಯಾಪ್ಟನ್ ಎಂದು ಹೆಸರಿಟ್ಟವನು ಮಗಳ ತಮ್ಮ. ಅವನಿಗೆ ಎಲ್ಲವೂ ತಮಾಷೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಕೈತೋಟದವರ ಸಂಘದಲ್ಲಿ ಪರಿಚಯವಾದ ಈ ಮನುಷ್ಯನನ್ನು ಅಮ್ಮ ಮದುವೆಯಾಗುತ್ತೇನೆಂದಾಗ ತಮ್ಮ ಚಪ್ಪಾಳೆ ತಟ್ಟಿದ್ದ. ಮಗಳು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಆತ ಒಂದು ಟ್ರಂಕು, ಎರಡು ಚೂರಿ, ಒಂದು ದಪ್ಪ ತಳದ ಬಾಣಲೆ ಹಿಡಿದುಕೊಂಡು ಬಂದವನೇ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಿದ್ದ. ಅಂದಿನಿಂದ ಅಮ್ಮ ಒಲೆಯ ಹತ್ತಿರ ಸುಳಿದವಳಲ್ಲ.

ಮಗಳು ನೀರು ಬೇಕೆಂಬ ನೆಪದಲ್ಲಿ ಬಾಗಿಲು ತಳ್ಳಿದಳು. ಕ್ಯಾಪ್ಟನ್ ಬೆಚ್ಚಿ ತಿರುಗಿದ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿ. ಒಳಗೆ ಬೆಳ್ಳುಳ್ಳಿ ಎಸಳುಗಳು, ಆದರೆ ಬಣ್ಣ ಬೆಳ್ಳುಳ್ಳಿಯದಲ್ಲ. ಹಳೇ ತಾಮ್ರದ ಕಿಲುಬಿನಂತೆ ನೀಲಿ ಬೆರೆತ ಹಸಿರು.

“ಇದೇನು?”

“ಅದಾ? ವಿನೆಗರಿಗೆ ಹಾಕಿದ್ದೆ. ಯಾಕೋ ಹಿಂಗಾಗೋಯ್ತು. ನನಗೂ ಗೊತ್ತಿಲ್ಲಮ್ಮ,” ಎಂದವನು ಜಾಡಿಯನ್ನು ಸರ್ರನೆ ಅಕ್ಕಿ ಡಬ್ಬದ ಹಿಂದಕ್ಕೆ ತಳ್ಳಿದ. ಮುಖ ಹುಳ್ಳಗಾಗಿತ್ತು.

ಗೊತ್ತಿಲ್ಲದಿದ್ದರೆ ಬಚ್ಚಿಡುವುದೇಕೆ? ಮನೆಗೆ ಹೋಗುವ ಬಸ್ಸಿನಲ್ಲಿ ಮಗಳ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಆತನ ಮೊದಲ ಹೆಂಡತಿ ಹೊಟ್ಟೆಯ ಕಾಯಿಲೆಯಿಂದ ಸತ್ತಳೆಂದು ಅಮ್ಮ ಹೇಳಿದ್ದಳು. ಎಂಥ ಕಾಯಿಲೆ? ಮದುವೆಯ ಊಟದಲ್ಲಿ ಮಗಳು ಒಮ್ಮೆ ಕೇಳಿದ್ದಕ್ಕೆ ಕ್ಯಾಪ್ಟನ್ ಉತ್ತರ ಕೊಡದೆ ಎದ್ದು ಹೋಗಿದ್ದ. ಆಗ ಅದು ದುಃಖ ಅನ್ನಿಸಿತ್ತು. ಈಗ ಬೇರೆಯೇ ಅನ್ನಿಸತೊಡಗಿತು.

ಇಳಿದ ಕೂಡಲೇ ತಮ್ಮನಿಗೆ ಫೋನು ಮಾಡಿದಳು.

“ಅಕ್ಕಾ, ನಿನಗೆ ತಲೆ ಕೆಟ್ಟಿದೆಯಾ?” ಅವನು ನಕ್ಕ. “ಕ್ಯಾಪ್ಟನ್ ಅಮ್ಮನಿಗೆ ವಿಷ ಹಾಕ್ತಾನಾ? ಆ ಮನುಷ್ಯ ಜಿರಳೆ ಹೊಡೆಯೋಕೂ ನನ್ನನ್ನ ಕರೀತಾನೆ.”

“ನೀನು ಅಮ್ಮನ ಕೈ ನೋಡಿದ್ದೀಯಾ?”

“ನೋಡಿಲ್ಲ.”

“ಹಾಗಿದ್ರೆ ಸುಮ್ನಿರು.”

ವಾರದ ನಡುವೆ ಒಂದು ದಿನ ರಜೆ ಹಾಕಿ, ಹೇಳದೆ ಕೇಳದೆ ಅಮ್ಮನ ಮನೆಗೆ ಹೋದಳು. ಕ್ಯಾಪ್ಟನ್ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಮೇಜಿನ ಮೇಲೆ ಅಮ್ಮನಿಗೆಂದೇ ಮುಚ್ಚಿಟ್ಟ ಲೋಟ, ತುಂಬ ಗಟ್ಟಿಯಾದ ಕೇಸರಿ ಬಣ್ಣದ ರಸ. ಕ್ಯಾಪ್ಟನ್‌ಗಿಟ್ಟ ಲೋಟ ಪಕ್ಕದಲ್ಲೇ ಇತ್ತು, ಅದರಲ್ಲಿ ಬರೀ ಚಹಾ. ತಾನು ಕುಡಿಯದ್ದನ್ನು ಅಮ್ಮನಿಗೆ ಕುಡಿಸುತ್ತಿದ್ದಾನೆ!

ಮೂಸಿ ನೋಡಿದಳು. ಸಿಹಿ ವಾಸನೆ. ಅಮ್ಮನ ಬೆಕ್ಕು ಕುರ್ಚಿಯ ಕೆಳಗೆ ಮೈ ನೆಕ್ಕಿಕೊಳ್ಳುತ್ತಿತ್ತು. ಸಿಕ್ಕಿದ್ದನ್ನೆಲ್ಲ ಕಬಳಿಸುವ ಹೊಟ್ಟೆಬಾಕ ಬೆಕ್ಕು ಅದು. ಬೆರಳಿಗೆ ಒಂದು ಹನಿ ರಸ ಹಚ್ಚಿ ಅದರ ಮೂತಿಗೆ ಹಿಡಿದಳು. ಬೆಕ್ಕು ಮೂಸಿತು, ಮುಖ ತಿರುಗಿಸಿ ಎದ್ದು ಹೋಯಿತು. ಬೆಕ್ಕಿಗೆ ಗೊತ್ತಾಗಿದ್ದು ಅಮ್ಮನಿಗೆ ಗೊತ್ತಾಗಲಿಲ್ಲವೇ? ಚೀಲದಲ್ಲಿದ್ದ, ಲೆನ್ಸ್ ತೊಳೆಯುವ ದ್ರಾವಣದ ಖಾಲಿ ಬಾಟಲಿಯನ್ನು ಜಾಲಿಸಿ, ಅದಕ್ಕೆ ಅರ್ಧ ಲೋಟ ಬಗ್ಗಿಸಿಕೊಂಡಳು. ಉಳಿದದ್ದನ್ನು ಸಿಂಕಿಗೆ ಚೆಲ್ಲಿದಳು.

ಅಮ್ಮ ಹೊರಬಂದಾಗ, “ತಯಾರಾಗು, ಡಾಕ್ಟರ ಹತ್ರ ಹೋಗೋಣ,” ಎಂದಳು.

“ನನಗೇನಾಗಿದೆ?”

“ಏನೂ ಆಗಿಲ್ಲ ಅಂತ ಅವರೇ ಹೇಳಲಿ.”

ಕ್ಯಾಪ್ಟನ್ ನೀರಿನ ಡಬ್ಬ ಹಿಡಿದುಕೊಂಡೇ ಬಾಗಿಲಿಗೆ ಬಂದ. “ನಾನೂ ಬರಲಾ?”

“ಬೇಡ,” ಎಂದಳು ಮಗಳು. ಆ ‘ಬೇಡ’ ಕೊಂಚ ಗಟ್ಟಿಯಾಗಿಯೇ ಬಂತು. ಅಮ್ಮ ಒಮ್ಮೆ ಮಗಳನ್ನು, ಒಮ್ಮೆ ಗಂಡನನ್ನು ನೋಡಿದಳು.

ಡಾಕ್ಟರಮ್ಮ ಅಮ್ಮನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ, ಅಂಗಾಲು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ಫಲಿತಾಂಶ ಬರುವವರೆಗೆ ಅಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಮಗಳೊಬ್ಬಳೇ ಒಳಗೆ ಬಂದಳು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಎದೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು: ಬಾಗಿಲು ಮುಚ್ಚಿದ ಅಡುಗೆಮನೆ, ನೀಲಿ ಬೆಳ್ಳುಳ್ಳಿ, ಸತ್ತ ಮೊದಲ ಹೆಂಡತಿ, ಮುಖ ತಿರುಗಿಸಿದ ಬೆಕ್ಕು.

ಡಾಕ್ಟರಮ್ಮ ನಗು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

“ಬೆಕ್ಕಿನ ಸಾಕ್ಷಿ ನಡೆಯಲ್ಲಮ್ಮ. ಬೆಕ್ಕುಗಳಿಗೆ ಸಿಹಿ ರುಚಿಯೇ ಗೊತ್ತಾಗಲ್ಲ. ಅದಕ್ಕೆ ಆ ರಸ ಒಂದೇ, ಬಣ್ಣದ ನೀರು ಒಂದೇ. ಇನ್ನು ಬೆಳ್ಳುಳ್ಳಿ. ಹುಳಿಯಲ್ಲಿ ಬಿದ್ದರೆ ಒಮ್ಮೊಮ್ಮೆ ಹಾಗೆ ನೀಲಿ ತಿರುಗುತ್ತೆ. ತಿಂದರೆ ಏನೂ ಆಗಲ್ಲ. ನಮ್ಮತ್ತೆ ಒಂದು ಜಾಡಿ ಪೂರ್ತಿ ಚೆಲ್ಲಿ ಆಮೇಲೆ ಗೊತ್ತಾಗಿ ಪೇಚಾಡಿದ್ರು.”

“ಆದ್ರೆ ಕೈ?”

“ಕಾಮಾಲೆ ಆಗಿದ್ದರೆ ಕಣ್ಣಿನ ಬಿಳಿಭಾಗವೂ ಹಳದಿ ಆಗ್ತಿತ್ತು. ನಿಮ್ಮಮ್ಮನ ಕಣ್ಣು ಬೆಳ್ಳಗಿದೆ. ಅವರನ್ನೇ ಕರೀರಿ, ಏನು ತಿಂತಾರೆ ಕೇಳೋಣ.”

ಅಷ್ಟರಲ್ಲಿ ಬಂದ ರಕ್ತಪರೀಕ್ಷೆಯಲ್ಲೂ ಪಿತ್ತಜನಕಾಂಗ ಚೆನ್ನಾಗಿಯೇ ಇತ್ತು. ಒಳಗೆ ಬಂದ ಅಮ್ಮ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಬೆಳಗ್ಗೆ ದೊಡ್ಡ ಲೋಟ ಕ್ಯಾರೆಟ್ ರಸ. ಮಧ್ಯಾಹ್ನ ಕುಂಬಳಕಾಯಿ ಸೂಪು. ಸಂಜೆ ಮತ್ತೆ ಬೇಯಿಸಿದ ಕ್ಯಾರೆಟ್. ಎಷ್ಟೋ ತಿಂಗಳಿಂದ ಇದೇ.

“ಬಣ್ಣ ಅಲ್ಲಿಂದ ಬಂದಿದೆ,” ಎಂದರು ಡಾಕ್ಟರಮ್ಮ. “ನಿಲ್ಲಿಸಿದರೆ ನಿಧಾನಕ್ಕೆ ಹೋಗುತ್ತೆ. ಆದರೆ ಅಷ್ಟು ಕ್ಯಾರೆಟ್ ಯಾಕಮ್ಮ?”

ಅಮ್ಮ ಮಗಳ ಕಡೆ ನೋಡಲಿಲ್ಲ. “ಕಣ್ಣಿಗೆ ಒಳ್ಳೇದು ಅಂತ. ರಾತ್ರಿ ದೀಪದ ಸುತ್ತ ಬಳೆ ಬಳೆ ಕಾಣುತ್ತೆ. ಎದುರಿಗೆ ಬಂದವರ ಮುಖ ಮಂಜು ಮಂಜು. ನಮ್ಮಮ್ಮನಿಗೂ ಹೀಗೇ ಶುರುವಾಗಿ ಕೊನೆಗೆ ಏನೂ ಕಾಣದ ಹಾಗಾಯ್ತು. ನಮ್ಮ ಮನೆಯವರಿಗೆ ಮಾತ್ರ ಹೇಳಿದ್ದೆ. ಯಾರಿಗೂ ಹೇಳ್ಬೇಡಿ ಅಂತಾನೂ ಹೇಳಿದ್ದೆ.”

ಮಗಳ ಕಿವಿ ಬಿಸಿಯಾಯಿತು. ದಿನಾ ಊರವರ ಕಣ್ಣಿಗೆ ಕನ್ನಡಕ ಕೂರಿಸುವವಳು, ಅಮ್ಮ ತನ್ನ ಮುಖವನ್ನೇ ಮಂಜಾಗಿ ನೋಡುತ್ತಿದ್ದಾಳೆಂಬುದನ್ನು ಅರಿತಿರಲಿಲ್ಲ.

“ನನಗೆ ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಮಾರನೇ ದಿನವೇ ಆಪರೇಷನ್ ಮೇಜಿನ ಮೇಲೆ ಮಲಗಿಸ್ತಿದ್ದೆ. ನನಗೆ ಭಯ.”

ಇದು ಪೊರೆ ಇರಬಹುದು, ಕ್ಯಾರೆಟ್ಟಿಗೆ ಕರಗುವಂಥದ್ದಲ್ಲ, ಕಣ್ಣಿನ ಆಸ್ಪತ್ರೆಗೆ ತೋರಿಸಿ ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು.

ಮನೆಗೆ ಬಂದಾಗ ಕ್ಯಾಪ್ಟನ್ ಮೆಟ್ಟಿಲ ಮೇಲೇ ಕೂತಿದ್ದ. ಅಮ್ಮ ವಿಷಯ ಹೇಳಿ ಒಳಗೆ ಹೋಗಿ ಮಲಗಿದಳು. ಮಗಳು ಹೊರಟು ನಿಂತಳು, ಆದರೆ ಕಾಲು ಏಳಲಿಲ್ಲ.

“ಬಾಟಲಿಗೆ ಬಗ್ಗಿಸಿದ್ದನ್ನ ನೋಡ್ದೆ,” ಎಂದ ಕ್ಯಾಪ್ಟನ್. “ಬಾಲ್ಕನಿಯ ಗಾಜಲ್ಲಿ ಎಲ್ಲಾ ಕಾಣುತ್ತೆ.”

“ಮತ್ತೆ ಯಾಕೆ ಸುಮ್ನಿದ್ರಿ?”

“ಏನಂತ ಹೇಳ್ಲಿ? ಆ ಬೆಳ್ಳುಳ್ಳಿ ನೋಡಿ ನನಗೇ ಹೆದರಿಕೆ ಆಗಿತ್ತು.” ಆತ ಅಂಗೈ ಉಜ್ಜಿಕೊಂಡ. “ನನ್ನ ಮೊದಲನೆಯವಳಿಗೆ ಹೊಟ್ಟೇಲಿ ಹುಣ್ಣಿತ್ತು. ನಾನು ಸಮುದ್ರದ ಮೇಲೆ ಹಡಗಿನವರಿಗೆಲ್ಲ ಬಡಿಸ್ತಿದ್ದೆ. ಅವಳು ಮನೇಲಿ ಏನು ತಿಂದಳೋ, ಏನು ಬಿಟ್ಟಳೋ, ಗೊತ್ತೇ ಆಗ್ಲಿಲ್ಲ. ಈ ಸಲ ಅತಿ ಮಾಡ್ಬಿಟ್ಟೆ ಅನ್ಸುತ್ತೆ.”

ಕ್ಷಮಿಸಿ ಎಂಬ ಮಾತು ಮಗಳ ಬಾಯಿತನಕ ಬಂತು. ಹೊರಬಿದ್ದದ್ದು, “ಬಾಗಿಲು ಯಾಕೆ ಮುಚ್ಕೊಂಡು ಮಾಡ್ತೀರಿ?” ಎಂಬ ಪ್ರಶ್ನೆ.

“ಮಿಕ್ಸಿ ಸದ್ದಿಗೆ ಬೆಕ್ಕು ಹೆದರಿ ಪರದೆ ಹತ್ತುತ್ತೆ.”

ಅವಳಿಗೆ ನಗು ಬಂತು, ತಡೆದುಕೊಂಡಳು. ಆದರೂ ಮುಂದಿನ ಕೆಲವು ವಾರ, ಬಂದಾಗಲೆಲ್ಲ ಅಡುಗೆಮನೆಗೆ ಇಣುಕುವುದನ್ನು ಅವಳು ಬಿಡಲಿಲ್ಲ. ಗುಮಾನಿ ಒಮ್ಮೆ ಹೊಕ್ಕರೆ ಹೇಳಿದ ಕೂಡಲೇ ಎದ್ದು ಹೋಗುವಂಥದ್ದಲ್ಲ. ಅವಳು ಇಣುಕಿದ್ದನ್ನು ಕ್ಯಾಪ್ಟನ್ ಕಂಡೂ ಕಾಣದಂತೆ ಈರುಳ್ಳಿ ಹೆಚ್ಚುತ್ತಿದ್ದ. ಅಮ್ಮನ ಅಂಗೈ ಮಾತ್ರ ಮೆಲ್ಲಗೆ ತನ್ನ ಬಣ್ಣಕ್ಕೆ ಮರಳುತ್ತಿತ್ತು. ಆಪರೇಷನ್ನಿಗೆ ಅಮ್ಮನನ್ನು ಒಪ್ಪಿಸಿದ್ದು ಮಗಳಲ್ಲ, ಆತ. ಹೇಗೆ ಒಪ್ಪಿಸಿದನೆಂದು ಇಬ್ಬರೂ ಹೇಳಲಿಲ್ಲ.

ಆಪರೇಷನ್ನಿನ ದಿನ ಆಸ್ಪತ್ರೆಯ ಓಣಿಯಲ್ಲಿ ಮಗಳು, ಕ್ಯಾಪ್ಟನ್ ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದರು. ಆತ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಚಹಾ ಸುರಿದು ಅವಳ ಕಡೆ ಚಾಚಿದ. ಕೈ ಅರ್ಧಕ್ಕೇ ನಿಂತಿತು.

“ಮೊದ್ಲು ನಾನು ಕುಡೀಲಾ?” ಎಂದು ಕೇಳಿದ. ಅದರಲ್ಲಿ ಕೊಂಕಿರಲಿಲ್ಲ.

“ಕೊಡಿ ಇಲ್ಲಿ,” ಎಂದು ಇಸಿದುಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದಳು. ಬಾಯಿ ಸುಟ್ಟಿತು. ಸಕ್ಕರೆ ಸುರಿದಿದ್ದ.

“ಇಷ್ಟು ಸಕ್ಕರೆ ಹಾಕಿದ್ರೆ ಅಮ್ಮನಿಗೆ ಮುಂದೆ ಇನ್ನೇನು ಬರುತ್ತೋ!”

“ಅವಳದಕ್ಕೆ ಹಾಕಲ್ಲ. ನೀನು ಸಿಹಿ ಜಾಸ್ತಿ ಕುಡೀತೀಯ ಅಂತ ಅವಳೇ ಹೇಳಿದ್ಳು.”

ಬಾಗಿಲು ತೆರೆದು ನರ್ಸ್ ಹೊರಗೆ ತಲೆ ಹಾಕಿ, “ಪೇಷೆಂಟ್ ಕಡೆಯವರು ಯಾರು?” ಎಂದಳು.

ಇಬ್ಬರೂ ಒಟ್ಟಿಗೆ ಎದ್ದರು.